ಬಿಸಿಲಿನಲ್ಲಿ ತೆಗೆದ ಅಳತೆ

ನಮ್ಮ ಯಾರ್ಡಿನ ಅಳತೆ ಹಾಳೆಯಲ್ಲಿ ಹನ್ನೊಂದು ಕಲಂಗಳಿದ್ದವು. ಬಿಡಿಭಾಗದ ನಂಬರು, ನಕ್ಷೆಯ ನಂಬರು, ಇರಬೇಕಾದ ಅಳತೆ, ಇರುವ ಅಳತೆ, ಅಳೆದವರ ಸಹಿ, ನೋಡಿದವರ ಸಹಿ, ನೋಡಿದವರನ್ನು ನೋಡಿದವರ ಸಹಿ, ಹೀಗೆ. ಎಷ್ಟು ಹೊತ್ತಿಗೆ ಅಳೆದಿರಿ ಎಂದು ಕೇಳುವ ಕಲಂ ಮಾತ್ರ ಇರಲಿಲ್ಲ. ಆ ಒಂದು ಕಲಂ ಇಲ್ಲದ್ದರಿಂದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು. ಕೆಡಿಸಿದ ಸಹಿಗಳಲ್ಲಿ ಒಂದು ನನ್ನದು. ಸೇತುವೆ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನೀವು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯಲು ಎರಡು ಸಲ ಕೂತೆ, ಆಗಲಿಲ್ಲ. ಇನ್ನು ಸಿಟ್ಟಿನಲ್ಲೇ ಬರೆಯುತ್ತೇನೆ.

ನನ್ನ ಹೆಸರು ಸುಜಾತಾ, ಊರು ಔರಾದ. ಬೀದರಿನಲ್ಲಿ ಡಿಪ್ಲೊಮಾ ಮುಗಿಸಿ, ಭಾಲ್ಕಿ ರಸ್ತೆಯಲ್ಲಿದ್ದ ಒಂದು ಖಾಸಗಿ ಯಾರ್ಡಿಗೆ ತಪಾಸಣೆ ಕೆಲಸಕ್ಕೆ ಸೇರಿದೆ. ಅಲ್ಲಿ ರೈಲ್ವೆ ಸೇತುವೆಗಳ ಉಕ್ಕಿನ ಗರ್ಡರುಗಳನ್ನು ಕತ್ತರಿಸಿ, ಕೊರೆದು, ಜೋಡಿಸಿ ಬೇರೆ ಬೇರೆ ರಾಜ್ಯಗಳಿಗೆ ಕಳಿಸುತ್ತಿದ್ದರು. ಅವು ಅಳತೆಗೆ ಸರಿಯಾಗಿವೆಯೇ ಎಂದು ನೋಡುವುದು ನನ್ನ ಕೆಲಸ. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಏನೇನಾಗಿ ಮೇಲೇರಿದೆ ಎಂಬ ಪಟ್ಟಿ ನಿಮಗೆ ಬೇಡ. ಕುರ್ಚಿ ಬದಲಾಯಿತು, ಮಾಡಿದ ಕೆಲಸ ಅದೇ.

ಊರೂರಿಗೆ ರೈಲ್ವೆ ಸೇತುವೆ ಕಳಿಸಿದವಳ ಊರಿಗೆ ಇವತ್ತಿಗೂ ರೈಲಿಲ್ಲ. ರಜೆಗೆ ಹೊರಟಾಗ ಔರಾದ ಬಸ್ಸಿನ ಕಂಡಕ್ಟರ್ ಟಿಕೆಟು ಹರಿಯುತ್ತ ಕಾಡುತ್ತಿದ್ದ. "ಏನ್ರಿ ಬಾಯಾರ, ಮಂದಿ ಊರಿಗೆಲ್ಲ ಪೂಲು ಮಾಡಿ ಕಳಸ್ತೀರಿ. ನಮ್ಮ ಔರಾದಕ್ಕ ರೈಲು ಯಾವಾಗ ತರ್ತೀರಿ?"

"ರೈಲು ಬಂದ್ರ ನಿನ್ನ ಬಸ್ಸಿಗಿ ಯಾರ್ ಹತ್ತಬೇಕಪ್ಪ?" ಎಂದರೆ ಬಸ್ಸೆಲ್ಲ ನಗುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ.

ನಮ್ಮಪ್ಪ ಔರಾದದ ತಹಸೀಲ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಜನರ ಅರ್ಜಿ ಬರೆದುಕೊಡುತ್ತಿದ್ದರು. ನಮ್ಮ ಓಣಿಯ ಬೌದ್ಧ ಮನೆಗಳಲ್ಲಿ ಮೊದಲು ಪೆನ್ನು ಹಿಡಿದವರು ಅವರೇ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಕೆಲಸಕ್ಕೆ ಹೊರಟ ದಿನ ಅವರು ಹೇಳಿದ್ದು ಒಂದೇ ಮಾತು: "ಓದಲಾರದ ಕಾಗದಕ್ಕ ಸಹಿ ಹಾಕಬ್ಯಾಡವ್ವಾ." ಕಚೇರಿ ಎದುರು ಕೂತು ಎಷ್ಟು ಹೊಲಗಳು ಒಂದು ಸಹಿಗೆ ಕೈಬಿಟ್ಟು ಹೋದದ್ದನ್ನು ಅವರು ನೋಡಿದ್ದರೋ. ಆ ಮಾತನ್ನು ನಾನು ಪಾಲಿಸಿದೆ. ಆ ಹಾಳೆಯನ್ನು ನಾನು ಓದಿಯೇ ಸಹಿ ಮಾಡಿದೆ. ಅದು ಇನ್ನೂ ಕೆಟ್ಟದ್ದು.

ಮೊದಲು ನನ್ನ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಮಾಣಿಕಪ್ಪ ಮಿಸ್ತ್ರಿ ನನಗೆ ಪರಿಚಯವಾದದ್ದು ಅದರಿಂದಲೇ. ಕೆಲಸಕ್ಕೆ ಸೇರಿ ಮೊದಲ ಬೇಸಿಗೆ. ಮಧ್ಯಾಹ್ನ ಊಟದ ನಂತರ ಒಂದು ಉದ್ದನೆಯ ಗರ್ಡರಿನ ಪಕ್ಕಕ್ಕೆ ಈ ತುದಿಯಿಂದ ಆ ತುದಿಗೆ ತಂತಿ ಎಳೆದು ನೋಡಿದೆ. ನಡುವೆ ಸೊಟ್ಟ. ನಕ್ಷೆ ಒಪ್ಪುವುದಕ್ಕಿಂತ ಹೆಚ್ಚು ಸೊಟ್ಟ. ಹುರುಪಿನಲ್ಲಿ ಕೆಂಪು ಬಣ್ಣದ ಡಬ್ಬಿ ತರಿಸಿ ಗರ್ಡರಿನ ಮೇಲೆ ಆಳೆತ್ತರದ ಕತ್ತರಿ ಗೆರೆಗಳನ್ನು ಎಳೆದುಬಿಟ್ಟೆ. ತಿರಸ್ಕೃತ ಎಂದು ಅರ್ಥ.

ಜೋಡಣೆಯ ಹಿರಿಯ ಮಿಸ್ತ್ರಿ ಮಾಣಿಕಪ್ಪ ಬಂದರು. ಭಾತಂಬ್ರಾದವರು. ಸಪೂರ ಮೈ, ಕೊರಳಲ್ಲಿ ಲಿಂಗದ ಕರಡಿಗೆ, ಕಿವಿಯ ಮೇಲೆ ಸೀಮೆಸುಣ್ಣ. ಬಿಸಿಲಿನ ಕಡೆಯ ಉಕ್ಕಿಗೆ ಅಂಗೈ ಒತ್ತಿ, ಥಟ್ಟನೆ ತೆಗೆದು, ಆಮೇಲೆ ನೆರಳಿನ ಕಡೆಗೆ ಹೋಗಿ ಒತ್ತಿದರು.

"ಇಲ್ಲಿ ಕೈ ಇಡ್ರಿ ಬಾಯಾರ."

ಇಟ್ಟೆ. ಸುಟ್ಟಿತು.

"ಈಗ ಈ ಕಡಿ ಇಡ್ರಿ."

ತಂಪಾಗಿತ್ತು.

"ಇದು ಸೊಟ್ಟ ಇಲ್ರಿ. ಬಿಸಲಿಗಿ ಒಂದ್ ಮಗ್ಗಲ ಹಿಗ್ಗ್ಯದ, ಅಷ್ಟ. ನಾಳಿ ಮುಂಜಾನಿ ಹೊತ್ತು ಹುಟ್ಟೂದ್ರಾಗ ಬರ್ರಿ. ಹಿಂಗ ಇತ್ತಂದ್ರ ನಾನೇ ಇದನ್ನ ಕತ್ತರಿಸಿ ಗುಜರಿಗಿ ಹಾಕ್ತೇನಿ."

ಮರುದಿನ ನಸುಕಿನಲ್ಲಿ ಕಂಪನಿಯ ಜೀಪಿನಲ್ಲಿ ಹೋದೆ. ಅದೇ ತಂತಿ, ಅದೇ ಗರ್ಡರು. ಸೊಟ್ಟ ಇರಲಿಲ್ಲ. ಮಿಸ್ತ್ರಿ ನನ್ನ ಕೈಗೆ ಥಿನ್ನರ್ ಡಬ್ಬಿ ಮತ್ತು ಒಂದು ಹಿಡಿ ಬಟ್ಟೆಚೂರು ಕೊಟ್ಟು, "ನೀವೇ ಬರದೀರಿ, ನೀವೇ ಒರಸ್ರಿ" ಎಂದರು. ಕೂಲಿಯವರು ಬಂದು ಸೇರುವ ಹೊತ್ತಿಗೂ ನಾನು ಇನ್ನೂ ಉಜ್ಜುತ್ತಿದ್ದೆ. ಆಗಿನ ನಮ್ಮ ಮೇಲಧಿಕಾರಿ ನೋಡಿ, "ಮಿಸ್ತ್ರಿ ಹೇಳಿದ ಹೊತ್ತಿಗೆ ಅಳೆಯಮ್ಮ" ಎಂದಷ್ಟೇ ಹೇಳಿ ಮುಂದೆ ಹೋದರು. ನಾನು ಕಂಡ ಮೇಲಧಿಕಾರಿಗಳಲ್ಲಿ ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿದವರು ಅವರೊಬ್ಬರೇ.

ಅಂದಿನಿಂದ ನಾನು ಮಿಸ್ತ್ರಿಯ ಶಿಷ್ಯೆ. ಮುಖ್ಯವಾದ ಅಳತೆಗಳನ್ನೆಲ್ಲ ಅವರು ಸೂರ್ಯ ಹುಟ್ಟುವ ಮೊದಲೇ ತೆಗೆಯುತ್ತಿದ್ದರು. ರಾತ್ರಿಯೆಲ್ಲ ತಣಿದ ಉಕ್ಕು ಆಗ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೇ ತಂಪಿನಲ್ಲಿರುತ್ತದೆ. ಆ ಹೊತ್ತಿಗೆ ಅವರ ಲಿಂಗಪೂಜೆ ಕೂಡ ಆಗಿರುತ್ತಿರಲಿಲ್ಲ. ಕೇಳಿದರೆ, "ಕಬ್ಬಣ ನನ್ನ ಸಲುವಾಗಿ ನಿಂದ್ರಂಗಿಲ್ಲರಿ, ಶಿವ ನಿಂದರ್ತಾನ" ಎನ್ನುತ್ತಿದ್ದರು. ಹಾಗೆ ಅಳೆದ ಪ್ರತಿ ತುಂಡಿನ ಮೂಲೆಯಲ್ಲಿ ಉಳಿ ಇಟ್ಟು ಒಂದು ಸಣ್ಣ ಗುರುತು ಕೆತ್ತುತ್ತಿದ್ದರು: ಒಂದು ಅಡ್ಡಗೆರೆ, ಅದರ ಕೆಳಗೆ ಅರ್ಧ ವೃತ್ತ. ಸೂರ್ಯ ಇನ್ನೂ ನೆಲದ ಕೆಳಗಿದ್ದಾನೆ ಎಂದು ಅರ್ಥ. ಹಾಳೆಯಲ್ಲಿ ಕಲಂ ಇಲ್ಲದ್ದನ್ನು ಅವರು ಉಕ್ಕಿನ ಮೇಲೆಯೇ ಬರೆದಿಡುತ್ತಿದ್ದರು. ಹೊರಗಿನಿಂದ ಬಂದ ತಪಾಸಣೆಯವರು ಒಮ್ಮೆ ಇದನ್ನು ಅನಧಿಕೃತ ಗುರುತು ಎಂದು ಬರೆದು ಹೋದರು. ಮಿಸ್ತ್ರಿ ಗುರುತನ್ನು ಇನ್ನಷ್ಟು ಆಳವಾಗಿ ಕೆತ್ತತೊಡಗಿದರು.

ಕಾಲ ಬದಲಾಯಿತು. ತಂತಿ, ತೂಕದ ಗುಂಡು, ಮಟ್ಟದ ಕೊಳವೆ ಹೋಗಿ ಮೂರು ಕಾಲಿನ ಮೇಲೆ ನಿಲ್ಲುವ ಲೇಸರ್ ಯಂತ್ರ ಬಂತು. ಒಂದು ದಿನದ ಕೆಲಸ ಒಂದು ತಾಸಿಗೆ ಇಳಿಯಿತು. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ, ನಿಮ್ಮ ಕೈಗೆ ಅದಕ್ಕಿಂತ ಒಳ್ಳೆಯದು ಬರಲಿ. ಸಿಟ್ಟು ಇರುವುದು ಅದರ ಜೊತೆ ಬಂದ ನಂಬಿಕೆಯ ಮೇಲೆ. ಅದರ ಕಂಪ್ಯೂಟರಿನಲ್ಲಿ ಉಷ್ಣಾಂಶ ತುಂಬಲು ಒಂದು ಮನೆ ಇತ್ತು. ಒಂದೇ ಮನೆ. ಬಿಸಿಲು ಹೊಡೆಯುವ ಮೇಲ್ಭಾಗಕ್ಕೊಂದು, ನೆರಳಿನ ತಳಕ್ಕೊಂದು ಉಷ್ಣಾಂಶ ಇರುತ್ತದೆ ಎಂದು ಅದನ್ನು ಮಾಡಿದವರಿಗೆ ಯಾರೂ ಹೇಳಿರಲಿಲ್ಲ. ಅವರು ಮೇ ತಿಂಗಳಲ್ಲಿ ಬೀದರಿಗೆ ಬಂದವರಲ್ಲ.

ಯಂತ್ರದ ಹಿಂದೆಯೇ ಶ್ರೀಧರ ಸಾಹೇಬರು ಬಂದರು. ಮೈಸೂರು ಕಡೆಯವರು, ನಮ್ಮ ಹೊಸ ಪ್ರಾಜೆಕ್ಟ್ ಮ್ಯಾನೇಜರ್. ದಡ್ಡರಲ್ಲ, ಕೆಟ್ಟವರೂ ಅಲ್ಲ. ಅವಸರದ ಮನುಷ್ಯ. ಅವಸರದವರು ಮಾಡುವ ಹಾನಿ ಕೆಟ್ಟವರು ಮಾಡುವುದಕ್ಕಿಂತ ಕಡಿಮೆ ಏನಲ್ಲ ಎಂದು ಕಲಿತದ್ದು ಅವರಿಂದ. "ಮೆಷಿನ್ ಸುಳ್ಳು ಹೇಳಲ್ಲ ಮೇಡಂ" ಎಂಬುದು ಅವರ ಮಾತು. ನಿಜ, ಅದು ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೇಳಿದರೆ ಮೂರು ಗಂಟೆಯ ಸತ್ಯ ಹೇಳುತ್ತದೆ.

ಆಗಲೇ ನಮ್ಮ ಯಾರ್ಡಿಗೆ ಆ ಸೇತುವೆಯ ಕೆಲಸ ಬಂತು. ಪಶ್ಚಿಮ ಕರಾವಳಿಯ ಒಂದು ಬಂದರಿನ ಹಿನ್ನೀರಿಗೆ, ತಿರುಗುವ ರೈಲ್ವೆ ಸೇತುವೆ. ಹಡಗು ಬಂದಾಗ ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು, ರೈಲು ಬಂದಾಗ ಹಳಿಗೆ ಹಳಿ ಸೇರಿಸಿ ನಿಲ್ಲಬೇಕು. ಕಡಲಿನಿಂದ ಇಷ್ಟು ದೂರದ ಬೀದರ ಜಿಲ್ಲೆಯಲ್ಲಿ, ಕಪ್ಪು ನೆಲದ ಮೇಲೆ ಅದನ್ನು ಪೂರ್ತಿ ಜೋಡಿಸಿ, ತಿರುಗಿಸಿ ನೋಡಿ, ಮತ್ತೆ ಬಿಚ್ಚಿ ಟ್ರೇಲರಿನಲ್ಲಿ ಕಳಿಸಬೇಕಿತ್ತು. ಸುದ್ದಿ ಹರಡಿ ಕಮಠಾಣದಿಂದಲೂ ಜನ ನೋಡಲು ಬಂದರು. ಬುತ್ತಿ ಕಟ್ಟಿಕೊಂಡು ಬಂದ ಒಬ್ಬ ಅಜ್ಜಿ ಬೇಲಿಯ ಆಚೆ ನಿಂತು, "ಇಷ್ಟ್ ದೊಡ್ಡ ಪೂಲು ಮಾಡೀರಿ, ನೀರೆಲ್ಲಿ ಅದರಿ?" ಎಂದಳು. "ನೀರು ಆಮ್ಯಾಗ ತರಸ್ತೇವಿ ಅವ್ವಾರ" ಎಂದರು ಮಿಸ್ತ್ರಿ.

ಕೆಲಸ ಹೇಗೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೀಸುಕಲ್ಲಿನ ಮೇಲ್ಗಲ್ಲು ನಡುವಿನ ಗೂಟದ ಮೇಲೆ ತಿರುಗುತ್ತದಲ್ಲ, ಈ ಸೇತುವೆಯೂ ಹಾಗೇ ನಡುಗಂಬದ ಮೇಲೆ ತಿರುಗುತ್ತದೆ. ಆಚೆಗೊಂದು ಈಚೆಗೊಂದು ಎರಡು ತೋಳು. ತಿರುಗುವಾಗ ತೋಳುಗಳ ತುದಿಗೆ ಆಸರೆಯಿಲ್ಲ, ಗಾಳಿಯಲ್ಲಿ ಚಾಚಿರುತ್ತವೆ, ಸ್ವಲ್ಪ ಜೋತಿರುತ್ತವೆ. ರೈಲು ಹತ್ತುವ ಮೊದಲು ಪ್ರತಿ ತುದಿಯ ಕೆಳಗೆ ಎರಡೆರಡು ಉಕ್ಕಿನ ಬೆಣೆಗಳು ಮೋಟಾರಿನ ಬಲದಿಂದ ನುಗ್ಗಿ ಆ ತುದಿಯನ್ನು ಎತ್ತಿ ಹಿಡಿಯಬೇಕು. ಬರೀ ತಾಗಿದರೆ ಸಾಲದು, ಒತ್ತಿ ಎತ್ತಬೇಕು. ಇಲ್ಲದಿದ್ದರೆ ಎಂಜಿನ್ನು ಈಚೆಯ ತೋಳಿಗೆ ಬಂದಾಗ ಆಚೆಯ ತುದಿ ಏಳುತ್ತದೆ. ಎದ್ದ ತುದಿಯ ಹಳಿ ನೆಲದ ಹಳಿಗೆ ಸೇರುವುದಿಲ್ಲ. ಅಲ್ಲಿಗೆ ಗಾಲಿ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಬೆಣೆ ಎಷ್ಟು ಎತ್ತಬೇಕು ಎಂಬುದು ಅದರ ಪೀಠದ ಕೆಳಗಿನ ತಗಡುಗಳ ದಪ್ಪದ ಮೇಲಿದೆ. ಮಿಸ್ತ್ರಿ ಮತ್ತು ನಾನು ಒಂದು ವಾರ ದಿನಾಲೂ ನಸುಕಿನಲ್ಲಿ ಹೋಗಿ, ತಣಿದ ಸೇತುವೆಯ ನಾಲ್ಕೂ ಮೂಲೆ ಅಳೆದು, ತಗಡುಗಳನ್ನು ಒಂದೊಂದಾಗಿ ಉಜ್ಜಿ ಕೂಡಿಸಿದೆವು. ಏಳನೆಯ ದಿನ ನಾಲ್ಕೂ ಬೆಣೆಗಳು ಸಮನಾಗಿ ಎತ್ತಿದವು. ಮಿಸ್ತ್ರಿ ತಗಡುಗಳ ಮೇಲೆ ಮೂಲೆಯ ನಂಬರು ಕೆತ್ತಿ, ಪಕ್ಕಕ್ಕೆ ತಮ್ಮ ಗೆರೆ ಮತ್ತು ಅರ್ಧ ವೃತ್ತ ಕೆತ್ತಿದರು. ಆ ದಿನ ಯಾರ್ಡಿನ ಎಲ್ಲರಿಗೂ ಅವರೇ ಮಂಡಕ್ಕಿಯ ಸೂಸಲಾ ತರಿಸಿ ತಿನ್ನಿಸಿದರು.

ಸೇತುವೆ ಕೊಳ್ಳುವವರನ್ನು ಕರೆಸಿ ಅದನ್ನು ತಿರುಗಿಸಿ ತೋರಿಸುವ ಪ್ರದರ್ಶನಕ್ಕೆ ಗೊತ್ತಾದ ಹೊತ್ತು ಮಧ್ಯಾಹ್ನ ಮೂರು ಗಂಟೆ. ಅತಿಥಿಗಳ ವಿಮಾನ, ಊಟ, ಬೀದರ ಕೋಟೆ ನೋಡುವ ಕಾರ್ಯಕ್ರಮ, ಇವೆಲ್ಲ ಮುಗಿದು ಉಳಿದ ಹೊತ್ತು ಅದು. ಬೆಳಿಗ್ಗೆ ಇಡಿ ಎಂದು ನಾನು ಹೇಳಿದೆ. "ಬೆಳಗ್ಗೆ ಯಾರು ಮೇಡಂ ಏಳ್ತಾರೆ" ಎಂದು ಸಾಹೇಬರು ನಕ್ಕರು.

ಮೇ ತಿಂಗಳ ಬಿಸಿಲು. ಶಾಮಿಯಾನದ ಕೆಳಗೆ ಅತಿಥಿಗಳು. ಸೇತುವೆ ಚಂದವಾಗಿ ತಿರುಗಿತು, ಚಪ್ಪಾಳೆ ಬಿತ್ತು. ಮತ್ತೆ ಬಂದು ನಿಂತಿತು. ಬೆಣೆಗಳು ಹೊರಟವು, ಅರ್ಧ ಹೋದವು, ಮೋಟಾರು ನರಳಿತು, ಟಪ್ ಎಂದು ಆಫ್ ಆಯಿತು. ಮತ್ತೆ ಹಚ್ಚಿದರು, ಮತ್ತೆ ಟಪ್. ಮೂರನೆಯ ಸಲ ಅತಿಥಿಗಳು ಗಡಿಯಾರ ನೋಡಿಕೊಂಡರು.

ಆದದ್ದು ಇಷ್ಟು. ಬಿಸಿಲಿಗೆ ಸೇತುವೆಯ ಮೇಲ್ಭಾಗ ಹಿಗ್ಗಿ ತುದಿಗಳು ಬೆಳಗಿಗಿಂತ ಕೆಳಗೆ ಜೋತಿದ್ದವು. ಬೆಣೆಗಳಿಗೆ ಎತ್ತುವ ಕೆಲಸ ಹೆಚ್ಚಾಗಿತ್ತು. ಅಷ್ಟು ಭಾರಕ್ಕೆ ಮೋಟಾರು ಸಾಕು ಎಂದು ನಕ್ಷೆಯಲ್ಲೇ ಬರೆದಿತ್ತು. ಆದರೂ ಏಕೆ ಆಫ್ ಆಗುತ್ತಿದೆ ಎಂದು ವಿದ್ಯುತ್ ಪ್ಯಾನೆಲ್ ನೋಡಬೇಕಿತ್ತು. ಪ್ಯಾನೆಲ್ ಹಚ್ಚಿದ ಹೊರಗಿನ ಮನುಷ್ಯ ಅತಿಥಿಗಳ ಜೊತೆ ಕೂತು ಐಸ್‌ಕ್ರೀಂ ತಿನ್ನುತ್ತಿದ್ದ.

"ಸಾಹೇಬ್ರ, ತಗಡು ಬರೋಬ್ಬರಿ ಅದಾವ್ರಿ" ಎಂದರು ಮಿಸ್ತ್ರಿ. "ಪ್ಯಾನಲ್ ನೋಡ್ರಿ ಮೊದಲ. ಇಲ್ಲಂದ್ರ ನಾಳಿ ಮುಂಜಾನಿ ಹಚ್ಚಿ ತೋರಸ್ತೇನಿ."

"ನಾಳೆ ಅವರು ಇರ್ತಾರೇನ್ರೀ? ತಗಡು ಜಾಸ್ತಿ ಹಾಕಿದ್ದೀರಿ. ಮೂಲೆಗೆ ಒಂದೊಂದು ತೆಗೀರಿ."

"ತೆಗದ್ರ ತಂಪಿನ್ಯಾಗ ಬೆಣಿ ಹಿಡಿಯಂಗಿಲ್ರಿ. ತುದಿ ಏಳ್ತದ. ಮ್ಯಾಲ ರೈಲು ಹೋಗೂದದ ಸಾಹೇಬ್ರ!"

"ಮೆಷಿನ್ ಈಗ ತೋರಿಸ್ತಾ ಇದೆ, ಜಾಸ್ತಿ ಇದೆ ಅಂತ. ನಿಮ್ಮ ಕೈ ಮುಟ್ಟಿ ನೋಡೋ ಲೆಕ್ಕ ಬೇಡ ನನಗೆ."

ಮಿಸ್ತ್ರಿ ತೆಗೆಯಲಿಲ್ಲ. ಕೈಕಟ್ಟಿ ನಿಂತುಬಿಟ್ಟರು. ಸಾಹೇಬರು ಬೇರೆ ನಾಲ್ವರನ್ನು ಕರೆದು ಜ್ಯಾಕು ಹಚ್ಚಿಸಿ ನಾಲ್ಕು ತಗಡು ತೆಗೆಸಿದರು. ಬೆಣೆಗಳು ಸಲೀಸಾಗಿ ನುಗ್ಗಿದವು. ಮತ್ತೆ ಚಪ್ಪಾಳೆ. ಆ ಚಪ್ಪಾಳೆಯ ಸದ್ದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸಂಜೆ ಹಾಳೆ ನನ್ನ ಮೇಜಿಗೆ ಬಂತು. ಇರುವ ಅಳತೆಯ ಕಲಮಿನಲ್ಲಿ ಹೊಸ ಅಂಕಿ. ಷರಾದಲ್ಲಿ ಹೀಗೆ ಬರೆದಿತ್ತು: ಜೋಡಣೆ ಮಿಸ್ತ್ರಿ ತಗಡುಗಳನ್ನು ತಪ್ಪಾಗಿ ಕೂಡಿಸಿದ್ದರಿಂದ ದೋಷ ಉಂಟಾಗಿತ್ತು, ಸರಿಪಡಿಸಲಾಗಿದೆ. ಓದಿದೆ. ಮತ್ತೊಮ್ಮೆ ಓದಿದೆ. ಸಾಹೇಬರು ಎದುರಿಗೇ ನಿಂತಿದ್ದರು.

"ಮೇಡಂ, ಟ್ರೇಲರ್‌ಗಳು ಗೇಟಿಗೆ ಬಂದಿವೆ. ಇಡೀ ಯಾರ್ಡು ನಿಮ್ಮ ಒಂದು ಸಹಿಗೆ ನಿಂತಿದೆ. ಸೈಟಿನಲ್ಲಿ ಬೇಕಾದರೆ ಇನ್ನೊಮ್ಮೆ ನೋಡೋಣ."

ಸೈಟಿನಲ್ಲಿ ಸರಿಮಾಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಮಾಡಿದೆ. ಇದಕ್ಕೆ ಬೇರೆ ಹೆಸರು ಕೊಡಬೇಡಿ, ಹೆದರಿಕೆ ಎನ್ನಿ. ತಗಡನ್ನು ಹೇಗೋ ಸರಿಮಾಡಬಹುದಿತ್ತು. ಷರಾದ ಆ ಒಂದು ಸಾಲಿನಲ್ಲಿ ಇದ್ದದ್ದು ಒಬ್ಬ ಮನುಷ್ಯ, ಅವರ ಬಗ್ಗೆ ನಾನು ಆ ಗಳಿಗೆಯಲ್ಲಿ ಯೋಚಿಸಲೇ ಇಲ್ಲ. ವಾರದ ಕೊನೆಗೆ, ಸೇತುವೆ ಬಿಚ್ಚಿ ಪೆಟ್ಟಿಗೆ ಕಟ್ಟಿ ಮುಗಿದ ದಿನ, ಅದೇ ಹಾಳೆಯನ್ನು ತೋರಿಸಿ ಮಾಣಿಕಪ್ಪ ಮಿಸ್ತ್ರಿಯನ್ನು ಮನೆಗೆ ಕಳಿಸಿದರು. ಅವರು ಹಾಳೆಯ ಕೆಳಗಿನ ಸಹಿಗಳನ್ನು ನೋಡಿ, ನನ್ನ ಕಡೆ ನೋಡಿ, ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಭಾಲ್ಕಿ ಬಸ್ಸಿಗೆ ಹೋದರು.

ಕರಾವಳಿಯಲ್ಲಿ ಸೇತುವೆ ಕೂಡಿಸಲು ತಿಂಗಳುಗಳೇ ಹಿಡಿದವು. ನನ್ನನ್ನೂ ಕಳಿಸಿದ್ದರು. ಉಪ್ಪುಗಾಳಿ, ಅನ್ನ, ಮೀನು. ಮೊದಲ ವಾರವೇ ನನಗೆ ರೊಟ್ಟಿಯ ನೆನಪಿನಿಂದ ಅಳು ಬಂದಿತ್ತು. ನಾನು ತಗಡಿನ ಮಾತೆತ್ತಿದಾಗಲೆಲ್ಲ ಸಾಹೇಬರು, "ಮೊದಲು ನಿಲ್ಲಲಿ ಮೇಡಂ" ಎನ್ನುತ್ತಿದ್ದರು. ನಿಂತಿತು. ಎಂಜಿನ್ನು ಓಡಿಸಿ ನೋಡುವ ದಿನ ಬಂತು. ಅಲ್ಲಿ ಹಡಗುಗಳ ಸಂಚಾರ ಬೆಳಿಗ್ಗೆ ಎಂಟಕ್ಕೆ ಶುರು, ಆದ್ದರಿಂದ ಪರೀಕ್ಷೆಗೆ ಸಿಕ್ಕ ಹೊತ್ತು ನಸುಕು. ಅದು ನನ್ನ ಪುಣ್ಯವೋ ರೈಲು ಹತ್ತಬೇಕಿದ್ದವರ ಪುಣ್ಯವೋ ತಿಳಿಯದು.

ನಾನು ಆಚೆಯ ತುದಿಯಲ್ಲಿ ಬೆಣೆಯ ಪಕ್ಕ ಕೂತಿದ್ದೆ. ಬೆಣೆ ಒಳಗೆ ಹೋಗುವ ಮೊದಲೇ ಅದರ ಮೇಲೆ ಸುದ್ದಿಪತ್ರಿಕೆಯ ಒಂದು ಪಟ್ಟಿ ಇಟ್ಟಿದ್ದೆ. ಇದು ಮಿಸ್ತ್ರಿ ಕಲಿಸಿದ ಉಪಾಯ. ಭಾರ ಇದ್ದರೆ ಕಾಗದ ಎಳೆದರೆ ಹರಿಯುತ್ತದೆ, ಬರುವುದಿಲ್ಲ. ಈಚೆಯ ತೋಳಿನ ಮೇಲೆ ಎಂಜಿನ್ನು ಆಮೆಯಂತೆ ಹತ್ತಿತು. ನಾನು ಕಾಗದವನ್ನು ಮೆಲ್ಲಗೆ ಎಳೆದೆ. ಅದು ಪುಸ್ತಕದೊಳಗಿನ ಹಾಳೆಯಂತೆ ಸುಮ್ಮನೆ ಕೈಗೆ ಬಂತು. ಬೆಣೆಗೂ ಸೇತುವೆಗೂ ನಡುವೆ ಬೆಳಕು ಕಾಣುತ್ತಿತ್ತು.

ಕೆಂಪು ಬಾವುಟ ಬೀಸುತ್ತ ಕೂಗಿದೆ. ಡ್ರೈವರ್ ನೋಡಿ ನಿಲ್ಲಿಸಿ ಹಿಂದಕ್ಕೆ ತೆಗೆದ. ಭಾರ ಇಳಿದ ಕೂಡಲೇ ಎದ್ದಿದ್ದ ತುದಿ ಧಡ್ ಎಂದು ಬೆಣೆಯ ಮೇಲೆ ಕುಕ್ಕರಿಸಿತು. ನನ್ನ ಹಲ್ಲು ಅದುರಿದವು. ಎಂಜಿನ್ನು ಇನ್ನೂ ಮುಂದೆ ಬಂದಿದ್ದರೆ, ನಾಳೆ ಡಬ್ಬಿಗಳ ತುಂಬ ಜನ ಕೂತು ಬಂದಿದ್ದರೆ? ಹಿನ್ನೀರು ಅಲ್ಲಿ ತಾಳೆಮರದಷ್ಟು ಆಳ.

ಸಾಹೇಬರು ಓಡಿ ಬಂದರು. ನಾನು ಕಾಗದದ ಪಟ್ಟಿಯನ್ನು ಅವರ ಮುಖದ ಮುಂದೆ ಹಿಡಿದೆ. ಜೀವನದಲ್ಲಿ ಮೊದಲ ಸಲ ಮೇಲಧಿಕಾರಿಯ ಮೇಲೆ ಕೂಗಿದೆ, ಅದೂ ಔರಾದದ ಮಾತಿನಲ್ಲಿ. "ನಿಮ್ ಮೂರ್ ಗಂಟಿ ಅಳತಿ ನೋಡ್ರಿ ಇಲ್ಲಿ! ಮಿಸ್ತ್ರಿ ಏನ್ ಹೇಳಿದ್ರು? ತುದಿ ಏಳ್ತದ ಅಂದಿದ್ರೋ ಇಲ್ಲೋ? ಆ ನಾಲ್ಕ್ ತಗಡು ಎಲ್ಲಿ ಅದಾವ?"

ತಗಡು ಎಲ್ಲಿವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹೊಸದಾಗಿ ಅಷ್ಟೇ ದಪ್ಪಕ್ಕೆ ಉಜ್ಜಿಸಲು ವಾರಗಳು ಬೇಕು. ಬೆಣೆಗಳ ಜೊತೆ ಬಂದಿದ್ದ ಗ್ರೀಸ್ ಪೆಟ್ಟಿಗೆಯನ್ನು ಸುಮ್ಮನೆ ಬುಡಮೇಲು ಮಾಡಿದೆ. ತಳದಲ್ಲಿ ಗೋಣಿತಾಟಿನಲ್ಲಿ ಸುತ್ತಿ ತಂತಿಯಿಂದ ಬಿಗಿದ ಒಂದು ಗಂಟು. ಬಿಚ್ಚಿದರೆ ನಾಲ್ಕು ತಗಡು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟದ್ದು. ಪ್ರತಿಯೊಂದರ ಮೇಲೂ ಮೂಲೆಯ ನಂಬರು, ಅಡ್ಡಗೆರೆ, ಕೆಳಗೆ ಅರ್ಧ ವೃತ್ತ. ಮನೆಗೆ ಹೋಗು ಎಂದು ಹೇಳಿಸಿಕೊಳ್ಳುವ ಮೊದಲೇ, ಪೆಟ್ಟಿಗೆ ಕಟ್ಟುವಾಗ ಮಿಸ್ತ್ರಿ ಇವನ್ನು ಹುಡುಕಿ ಒಳಗೆ ಹಾಕಿಟ್ಟಿರಬೇಕು. ಅಷ್ಟು ಜನರ ಮುಂದೆ ನಾನು ಅತ್ತೆ, ಮುಚ್ಚಿಡುವುದೇನಿದೆ.

ತಗಡು ಹಾಕಿದೆವು. ಮರುದಿನ ನಸುಕಿನಲ್ಲಿ ಕಾಗದ ಬರಲಿಲ್ಲ, ಹರಿಯಿತು. ಪ್ಯಾನೆಲ್ ತೆರೆಸಿ ನೋಡಿದರೆ, ಮೋಟಾರು ಯಾವ ಭಾರಕ್ಕೆ ಆಫ್ ಆಗಬೇಕೆಂದು ಹೇಳುವ ತಿರುಪನ್ನು ನಕ್ಷೆಯಲ್ಲಿ ಬರೆದದ್ದಕ್ಕಿಂತ ಕೆಳಗೆ ಇಟ್ಟಿದ್ದರು. ಅದನ್ನು ಸರಿಯಾದ ಗುರುತಿಗೆ ತಿರುಗಿಸಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಂದು ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ನಾನೇ ಬೆಣೆ ಹಚ್ಚಿಸಿದೆ. ಮೋಟಾರು ನರಳಿತು, ಆಫ್ ಆಗಲಿಲ್ಲ, ಬೆಣೆ ಪೂರ್ತಿ ಹೋಯಿತು. ಒಂದು ತಿರುಪಿನ ತಪ್ಪನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟಿದ್ದೆವು.

"ಈಗ ಆ ರಿಪೋರ್ಟು ತಿದ್ದಿ ಸರ್" ಎಂದೆ.

"ಸೇತುವೆ ನಡೀತಿದೆಯಲ್ಲ ಮೇಡಂ, ಬಿಡಿ. ಹಳೇದನ್ನ ಕೆದಕಿದರೆ ಹಸ್ತಾಂತರ ನಿಲ್ಲುತ್ತೆ."

ಬಿಡಲಿಲ್ಲ. ಯಾರ್ಡಿಗೆ ಮರಳಿ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ವಿಷಯ ಪರಿಶೀಲನೆಯಲ್ಲಿದೆ. ಮೂರನೆಯದಕ್ಕೆ, ವಿಷಯ ಮುಗಿದಿದೆ. ಎರಡಕ್ಕೂ ನಡುವೆ ಏನಾಯಿತೆಂದು ಹೇಳಬಲ್ಲವರು ಸಿಗಲಿಲ್ಲ. ಒಂದು ಮಾತ್ರ ಮಾಡಿದೆ. ಅಂದಿನಿಂದ ನನ್ನ ಮೇಜಿಗೆ ಬಂದ ಪ್ರತಿ ಅಳತೆ ಹಾಳೆಯ ಅಂಚಿನಲ್ಲಿ ಸ್ಕೇಲು ಹಿಡಿದು ಹನ್ನೆರಡನೆಯ ಕಲಂ ಎಳೆದು, ಮೇಲೆ 'ವೇಳೆ' ಎಂದು ಬರೆದೆ. ತುಂಬದ ಹಾಳೆಗೆ ಸಹಿ ಮಾಡಲಿಲ್ಲ. ಬೈದರು, ನಕ್ಕರು, ಕೊನೆಗೆ ಬೇಸತ್ತು ಮುದ್ರಿಸಿಯೇ ಬಿಟ್ಟರು. ನೀವೀಗ ತುಂಬುವ ಆ ಕಲಂ ಯಾರೋ ಪುಕ್ಕಟೆ ಕೊಟ್ಟದ್ದಲ್ಲ ಎಂದು ತಿಳಿದಿರಲಿ.

ಆದರೆ ಮಿಸ್ತ್ರಿಯ ಮನೆಗೆ ಹೋಗಲು ನನಗೆ ಧೈರ್ಯ ಬಂದದ್ದು ನಿವೃತ್ತಿಯ ನಂತರ. ಅಷ್ಟು ವರ್ಷ ಮುಖ ತಪ್ಪಿಸಿದೆ. ಮೊನ್ನೆ ಒಂದು ಮಧ್ಯಾಹ್ನ ಭಾತಂಬ್ರಾಕ್ಕೆ ಹೋದೆ. ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರು ಯಾರದೋ ಮನೆಯ ಗೇಟು ಬೆಸೆಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದರು, ಕೂಡ್ರಿ ಎನ್ನಲಿಲ್ಲ.

ಕರಾವಳಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಕಾಗದ ಬಂದದ್ದು, ಗೋಣಿತಾಟು ಸಿಕ್ಕದ್ದು, ತಗಡು ಕೂತದ್ದು. ಬೆಸೆಯುವುದನ್ನು ನಿಲ್ಲಿಸಿ ಕೇಳಿದರು.

"ಪೂಲು ಈಗ ಬರೋಬ್ಬರಿ ತಿರಗ್ತದೇನ್ರಿ?"

"ತಿರಗ್ತದರಿ. ದಿನಾ ರೈಲು ಹೋಗ್ತಾವ."

"ಮತ್ತ ಕಾಗದದಾಗ?"

ತಲೆ ತಗ್ಗಿಸಿದೆ. "ಕಾಗದದಾಗ ಇನ್ನೂ ನಿಮ್ಮದೇ ತಪ್ಪದರಿ. ತಿದ್ದಲಿಲ್ಲ ಅವ್ರು."

"ಅವ್ರಂತ ಯಾಕ ಅಂತೀರಿ? ಸಹಿ ಮಾಡಿದ್ದು ನಿಮ್ಮ ಕೈ ಅಲ್ಲೇನ್ರಿ?" ಅವರ ದನಿ ಏರಿತು. "ಆ ಹಾಳಿ ನನಕಿಂತ ಮುಂದ ಎಲ್ಲಾ ಯಾರ್ಡಿಗೂ ಹೋಗಿ ಮುಟ್ಟ್ಯದ. ಪೂಲಿನ ಕೆಲಸಕ್ಕ ಹೊಳ್ಳಿ ಒಬ್ರೂ ಕರೀಲಿಲ್ಲ. ಗೇಟು ಮಾಡ್ತೇನಿ, ಕಿಡಕಿ ಮಾಡ್ತೇನಿ. ಮೊಮ್ಮಗಳು ಕೇಳ್ತಾಳ, ತಾತಾ ನೀ ತಪ್ಪ್ ಅಳದಿಯಂತ, ಖರೇನ ಅಂತ. ಏನಂತ ಹೇಳ್ಲಿ? ತಪ್ಪ್ ಅಳದಿಲ್ಲಂತ ಎಲ್ಲಿ ಬರದದ?"

ಕ್ಷಮೆ ಕೇಳುವ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಚೀಲದಲ್ಲಿ ಖಾಲಿ ಅಳತೆ ಹಾಳೆಗಳಿದ್ದವು, ಹಳೆಯ ಅಭ್ಯಾಸ. ಒಂದನ್ನು ತೆಗೆದು ಅವರ ಗೇಟಿನ ಮೇಲೆಯೇ ಇಟ್ಟು ಬರೆದೆ. ತಿರುಗುವ ಸೇತುವೆಯ ನಾಲ್ಕು ಬೆಣೆಗಳ ತಗಡುಗಳನ್ನು ಮಾಣಿಕಪ್ಪ ಮಿಸ್ತ್ರಿ ಸರಿಯಾಗಿ ಕೂಡಿಸಿದ್ದರು, ತೆಗೆಸಿದ್ದು ತಪ್ಪು, ಆ ತಪ್ಪಿಗೆ ನಾನು ತಿಳಿದೂ ಸಹಿ ಮಾಡಿದೆ. ಕೆಳಗೆ ಹೆಸರು, ಸಹಿ. ಹನ್ನೆರಡನೆಯ ಕಲಂ ಕಂಡು ಅದನ್ನೂ ತುಂಬಿದೆ: ಮಧ್ಯಾಹ್ನ ಮೂರು.

ಅವರು ಹಾಳೆಯನ್ನು ದೂರ ಹಿಡಿದು ಒಂದೊಂದೇ ಅಕ್ಷರ ಓದಿದರು. ಕೊನೆಯ ಕಲಮಿಗೆ ಬಂದು ನಿಂತರು. ಆಮೇಲೆ ಹಾಳೆಯನ್ನು ಮಡಚಿ ನನಗೇ ವಾಪಸು ಕೊಟ್ಟರು.

"ಮಧ್ಯಾಹ್ನದ ಅಳತಿ ನಾ ತಗೊಳ್ಳಂಗಿಲ್ಲ ಬಾಯಾರ. ನಾಳಿ ಮುಂಜಾನಿ ಬರ್ರಿ."

ಮುಖದಲ್ಲಿ ನಗುವಿರಲಿಲ್ಲ. ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಔರಾದದಿಂದ ಎರಡು ಬಸ್ಸು ಬದಲಿಸಿ ಬಂದಿದ್ದೇನೆ, ಇದೆಂಥ ಹಟ ಎಂದುಕೊಂಡೇ ಭಾಲ್ಕಿಗೆ ಹೋಗಿ ತಂಗಿಯ ಮನೆಯಲ್ಲಿ ಉಳಿದೆ. ಬೆಳಗಿನ ಜಾವ ಎದ್ದು ಹಾಲಿನ ಟೆಂಪೋ ಹತ್ತಿ ಭಾತಂಬ್ರಾಕ್ಕೆ ಮರಳಿದೆ. ಮಿಸ್ತ್ರಿ ಶೆಡ್ಡಿನ ಮುಂದೆ ಎರಡು ಸ್ಟೂಲು ಹಾಕಿಕೊಂಡು ಕಾಯುತ್ತಿದ್ದರು. ಪೂಜೆ ಇನ್ನೂ ಆಗಿರಲಿಲ್ಲ ಎಂದು ಹಣೆ ನೋಡಿದರೆ ತಿಳಿಯುತ್ತಿತ್ತು.

"ಕೂಡ್ರಿ" ಎಂದರು.

ಕೂತು, ಹೊಸ ಹಾಳೆಯಲ್ಲಿ ಅದನ್ನೇ ಮತ್ತೊಮ್ಮೆ ಬರೆದೆ. ಒಂದು ಪದ ಬದಲಿಸಲಿಲ್ಲ. ವೇಳೆಯ ಕಲಮನ್ನು ಮಾತ್ರ ಖಾಲಿ ಬಿಟ್ಟು ಅವರ ಕಡೆ ಚಾಚಿದೆ. ಅವರು ಓದಿದರು. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಆ ಕಲಮಿನಲ್ಲಿ ಒಂದು ಅಡ್ಡಗೆರೆ ಎಳೆದರು. ಗೆರೆಯ ಕೆಳಗೆ ಅರ್ಧ ವೃತ್ತ.